ಶೀಘ್ರದಲ್ಲೇ ಉತ್ತರಿಸುತ್ತೇವೆ

"ಉಸಿರು ಬಿಡಬೇಡ!"

ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಳು.

ಟೆರೇಸಿನ ಮೇಲೆ, ನೀರಿನ ಟ್ಯಾಂಕಿನ ಹಿಂದೆ ನಾವಿಬ್ಬರು. ಮಟಮಟ ಮಧ್ಯಾಹ್ನ. ಬಿಸಿಲಿದ್ದರೂ ಗಾಳಿ ಚಳಿಚಳಿ. ಟ್ಯಾಂಕು ನನ್ನ ಬೆನ್ನಿಗೆ ಮಂಜುಗಡ್ಡೆಯ ಹಾಗೆ ಒತ್ತುತ್ತಿತ್ತು.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದು. ಇಬ್ಬರು. ಒಬ್ಬನ ಶೂ ಕಿರ್... ಕಿರ್... ಅನ್ನುತ್ತಿತ್ತು. ಹೊಸದು.

ಧಡಾರ್!

ಕೆಳಗಿನ ಮಹಡಿಯಲ್ಲಿ ಬಾಗಿಲು ಮುರಿದು ಬಿತ್ತು. ಅವಳ ರೂಮಿನದು.

"ಅಕ್ಕಾ... ಯಾರು ಇವರೆಲ್ಲ?"

"ನನ್ನ ಕಾರಿನ ಹಿಂದೆ ಬಂದವರು."

"ಹಾಗಾದ್ರೆ... ನೀವು ಯಾರ ಕಡೆ?"

ಒಳ್ಳೇ ಪ್ರಶ್ನೆ. ಕೇಳಿದ ಟೈಮ್ ಮಾತ್ರ ಸರಿ ಇರಲಿಲ್ಲ.

ಅವತ್ತು ಬೆಳಗ್ಗೆ ಕೇಳಿದ್ದರೆ ಥಟ್ಟನೆ ಹೇಳುತ್ತಿದ್ದೆ... ಕಂಪನಿ ಕಡೆ. ಯಾರು ನನ್ನನ್ನು ಕರೆಸುತ್ತಾರೋ ಅವರ ಕಡೆ. ಅದೇ ನನ್ನ ಕೆಲಸ.

ನನ್ನ ವಿಷಯ ಸ್ವಲ್ಪ ಹೇಳಿಬಿಡ್ತೀನಿ, ಕೇಳಿ. ಮೊದಲು ಕ್ರೈಮ್ ರಿಪೋರ್ಟರ್ ಆಗಿದ್ದೆ. ಪತ್ರಿಕೆ ಮುಚ್ಚಿತು. ಅಷ್ಟು ಹೊತ್ತಿಗೆ ಮದುವೆಯೂ ಮುಚ್ಚಿಹೋಗಿತ್ತು. ಆಮೇಲೆ ಈ ದಂಧೆಗೆ ಇಳಿದೆ. ದೊಡ್ಡವರ ಹೆಸರು ಕೆಡುವ ಸುದ್ದಿಯಿದ್ದರೆ ಹುಡುಕಿ, ಹೊರಗೆ ಬರುವ ಮುಂಚೆ ಕತ್ತರಿಸಿ ಹಾಕೋದು. ಅದಕ್ಕೇ ನನಗೆ 'ಕತ್ತರಿ ಮೇಡಂ' ಅಂತ ಹೆಸರು. ಅಡ್ರೆಸ್ ಪುಸ್ತಕದ ತುಂಬ ಜನ. ಆದರೆ ಹುಟ್ಟಿದ ದಿನ ನನಗೆ ಮೆಸೇಜ್ ಕಳಿಸೋದು ಬ್ಯಾಂಕು ಮಾತ್ರ.

ಅವತ್ತು ಬೆಳಗ್ಗೆ ಗೀಸರ್ ಕಂಪನಿಯ ಎಂ.ಡಿ. ಕರೆಸಿದ್ದ. ಮನೆಮನೆಗೆ ಗ್ಯಾಸ್ ಗೀಸರ್ ಮಾರುವ ಕಂಪನಿ. ದೊಡ್ಡ ಗಾಜಿನ ಆಫೀಸು. ಎಂ.ಡಿ. ಪಕ್ಕದಲ್ಲಿ ಅವರ ಪಿ.ಆರ್. ಏಜೆನ್ಸಿಯ ಯಜಮಾನಿ ಕೂತಿದ್ದಳು. ಕಂಪನಿಗೆ ಜನರ ಮುಂದೆ ಒಳ್ಳೇ ಹೆಸರು ತರೋದು ಅವಳ ಕೆಲಸ. ಮುಖ ಮಾತ್ರ ಬಿಳಿಚಿಕೊಂಡಿತ್ತು.

"ಇದನ್ನ ನೋಡಿ!" ಎಂ.ಡಿ. ಫೋನ್ ತಳ್ಳಿದ.

ಕಂಪನಿಯ ಸ್ವಂತ ಪೇಜು. ಲಕ್ಷಗಟ್ಟಲೆ ಫಾಲೋವರ್ಸ್. ಅದರಲ್ಲಿ ಹಿಂದಿನ ದಿನ ಬಂದ ಪೋಸ್ಟು...

'ನಮ್ಮ ಗೀಸರ್ ಬಳಸಬೇಡಿ. ಸೆನ್ಸರ್ ಕೆಟ್ಟಿದೆ. ಒಬ್ಬರು ಸತ್ತಿದ್ದಾರೆ. ನಮಗೆ ಗೊತ್ತಿತ್ತು.'

"ಡಿಲೀಟ್ ಮಾಡಿದ್ವಿ. ಅಷ್ಟರಲ್ಲಿ ಸ್ಕ್ರೀನ್‌ಶಾಟ್ ಊರೆಲ್ಲ ಸುತ್ತಿದೆ," ಅಂದಳು ಏಜೆನ್ಸಿ ಮೇಡಂ. "ಹಾಕಿದ್ದು ನಮ್ಮ ಇಂಟರ್ನ್. ಪಬ್ಲಿಕ್ ರಿಲೇಷನ್ಸ್ ಓದ್ತಿದಾಳೆ, ಕೊನೇ ಸೆಮಿಸ್ಟರ್. ಸೋಷಿಯಲ್ ಮೀಡಿಯಾ ಕಲೀಲಿ ಅಂತ ಪೇಜ್ ಕೊಟ್ಟಿದ್ದೆ..."

"ಚೆನ್ನಾಗೇ ಕಲಿತಿದಾಳೆ," ಅಂದೆ.

ಯಾರೂ ನಗಲಿಲ್ಲ.

"ನಿನ್ನೆಯಿಂದ ಫೋನ್ ಆಫ್. ಹುಡುಕಿ," ಅಂದ ಎಂ.ಡಿ. "ಒಂದು ವಿಡಿಯೋ ಬೇಕು. 'ಕಾಲೇಜಿನ ಪ್ರಾಜೆಕ್ಟಿಗೆ ತಮಾಷೆಗೆ ಹಾಕಿದೆ, ಎಲ್ಲಾ ಸುಳ್ಳು, ಕ್ಷಮಿಸಿ'... ಅಷ್ಟು ಸಾಕು. ಸಂಜೆಯೊಳಗೆ."

"ಸುಳ್ಳಾ?"

"ಏನು?"

"ಅವಳು ಬರೆದಿದ್ದು."

ಎಂ.ಡಿ. ಕಿಟಕಿ ಕಡೆ ನೋಡಿದ. "ನಿಮ್ಮ ಫೀಸು ಅದಕ್ಕಲ್ಲ."

ಸರಿ. ನಾನು ಎದ್ದೆ.

ಹುಡುಗಿ ಹಾಸ್ಟೆಲ್ ಬಿಟ್ಟು ತಿಂಗಳುಗಳೇ ಆಗಿದ್ದವು. ಹೊಸ ವಿಳಾಸ ಕಾಲೇಜಿನಲ್ಲಿ ಯಾರಿಗೂ ಗೊತ್ತಿಲ್ಲ. ಅಪ್ಪ ಅಮ್ಮ ದೂರದ ಊರಲ್ಲಿ. ಕ್ಲಾಸ್‌ಮೇಟ್ ಒಬ್ಬಳು, "ಅವಳಾ? ಹಿಂದಿನ ಬೆಂಚು. ಮಾತು ಕಮ್ಮಿ," ಅಂದಳು. ಅಷ್ಟೇ! ಎರಡು ವರ್ಷ ಒಟ್ಟಿಗೆ ಓದಿದವರಿಗೆ ಗೊತ್ತಿದ್ದದ್ದು ಅಷ್ಟೇ.

ಅವಳ ಸ್ವಂತ ಅಕೌಂಟ್ ತೆಗೆದೆ. ಫಾಲೋವರ್ಸ್ ಬೆರಳೆಣಿಕೆ. ಫೋಟೋಗಳು ಬೇಕಾದಷ್ಟು. ಆದರೆ ಒಂದರಲ್ಲೂ ಮನುಷ್ಯರಿಲ್ಲ! ಒಂದು ಕಾಫಿ ಕಪ್. ಒಂದು ತಟ್ಟೆ. ಕುರ್ಚಿಯ ಮೇಲೆ ಸ್ವೆಟರು. ಕಿಟಕಿ. ಮತ್ತೆ ಅದೇ ಕಿಟಕಿ... ಬೆಳಗ್ಗೆ, ಸಂಜೆ, ಮಳೆಯಲ್ಲಿ.

ನೋಡ್ತಾ ನೋಡ್ತಾ ನನಗೇ ಒಂಥರಾ ಆಯಿತು. ನನ್ನ ಫೋನಿನ ಫೋಟೋಗಳೂ ಹೆಚ್ಚುಕಮ್ಮಿ ಹಾಗೇ ಇವೆ.

ಕಿಟಕಿಯಾಚೆ ಒಂದು ಟೆರೇಸು. ಸಾಲುಸಾಲಾಗಿ ಒಣಹಾಕಿದ ಬಿಳಿ ಬೆಡ್‌ಶೀಟು. ಯಾವ ಮನೆಯಲ್ಲಿ ಅಷ್ಟು ಬೆಡ್‌ಶೀಟ್ ಇರುತ್ತೆ ಹೇಳಿ? ಲಾಂಡ್ರಿ! ಹೋಟೆಲ್ಲುಗಳ ಬಟ್ಟೆ ಒಗೆಯುವ ಲಾಂಡ್ರಿ. ಪರಿಚಯದ ಹೋಟೆಲ್ ಮ್ಯಾನೇಜರಿಗೆ ಫೋನ್ ಹಾಕಿದೆ. ನಿಮ್ಮ ಬೆಡ್‌ಶೀಟ್ ಎಲ್ಲಿಗೆ ಕೊಡ್ತೀರಿ? ಅವನು ಎರಡು ಜಾಗ ಹೇಳಿದ. ಎರಡನೆಯದಕ್ಕೆ ಹೋದೆ. ಪಕ್ಕದ ಕಟ್ಟಡದ ತುದಿ ಮಹಡಿ. ಕಿಟಕಿ ಸಿಕ್ಕಿತು.

ಹಿಂದೆ ಒಂದು ಬೂದು ಕಾರು ಬರುತ್ತಿತ್ತು. ಸಿಗ್ನಲ್ಲಿನಲ್ಲಿ ನೋಡಿದ್ದೆ. ತಲೆ ಕೆಡಿಸಿಕೊಳ್ಳಲಿಲ್ಲ. ಅದೇ ಎಡವಟ್ಟಾಗಿದ್ದು!

ಬಾಗಿಲು ತಟ್ಟಿದೆ.

"ಯಾರು?"

"ಏಜೆನ್ಸಿಯಿಂದ. ಹೊಡೆಯೋಕೆ ಬಂದಿಲ್ಲ. ಮಾತಾಡೋಕೆ."

ಆಮೇಲೆ ಚಿಲಕ ತೆಗೆದಳು. ಕನ್ನಡಕ. ಕೆದರಿದ ಜಡೆ. ಅತ್ತು ಅತ್ತು ಊದಿದ ಕಣ್ಣು.

"ನೀವೇ ಮೊದಲು," ಅಂದಳು.

"ಯಾವುದಕ್ಕೆ?"

"ಈ ರೂಮಿಗೆ ಬಂದವರಲ್ಲಿ."

ಒಂದು ಮಂಚ, ಒಂದು ಕುರ್ಚಿ, ಒಂದು ಲ್ಯಾಪ್‌ಟಾಪ್. ಗೋಡೆಗೆ ಹಳದಿ ಚೀಟಿಗಳು. ಕ್ಲಾಸಿನಲ್ಲಿ ಕೇಳಿದ ಪಾಠಗಳು ಇರಬೇಕು. 'ಮೊದಲು ಕೇಳು, ಆಮೇಲೆ ಮಾತಾಡು.' 'ಪೇಜ್ ಅಂದರೆ ಗೋಡೆಯಲ್ಲ, ಬಾಗಿಲು.'

ನಾನು ಕುರ್ಚಿಯಲ್ಲಿ ಕೂತೆ. ಅವಳು ಮಂಚದ ತುದಿಯಲ್ಲಿ.

"ಹೇಳು. ಯಾಕೆ ಹಾಕಿದೆ?"

ಅವಳು ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದಳು. ಪೇಜಿನ ಇನ್‌ಬಾಕ್ಸ್. ಏಜೆನ್ಸಿಯವರು ಪಾಸ್‌ವರ್ಡ್ ಬದಲಾಯಿಸುವ ಮುಂಚೆ ತೆಗೆದಿಟ್ಟುಕೊಂಡ ಸ್ಕ್ರೀನ್‌ಶಾಟುಗಳು.

"ಇನ್‌ಬಾಕ್ಸ್ ನೋಡ್ಕೊಳೋದು ನನ್ನ ಕೆಲಸ. ಯಾರು ಏನು ಬರೆದ್ರೂ ಮಷೀನು ಒಂದೇ ಉತ್ತರ ಕಳಿಸುತ್ತೆ. ಈ ಮೆಸೇಜ್ ಕಳಿಸಿದವರು ಕಟಿಂಗ್ ಶಾಪ್ ಇಟ್ಟಿದಾರೆ. ಸಲೂನ್ ಅಣ್ಣ ಅಂತೀನಿ. ಇವರ ತಂಗೀನೇ ಸತ್ತುಹೋಗಿದ್ದು. ಸ್ನಾನಕ್ಕೆ ಹೋದವರು ಹೊರಗೆ ಬರ್ಲಿಲ್ಲ. ಇವರು ಅಂಗಡೀಲಿದ್ರು. ಸಂಜೆ ಬಂದು ಬಾಗಿಲು ಒಡೆದ್ರು..."

ನಾನು ಓದಿದೆ.

'ನನ್ನ ತಂಗಿ ನಿಮ್ಮ ಗೀಸರಿನಿಂದ ಸತ್ತಳು. ಯಾರ ಹತ್ತಿರ ಮಾತಾಡಬೇಕು?'

'ನಿಮ್ಮ ಸಂದೇಶಕ್ಕೆ ಧನ್ಯವಾದ. ಶೀಘ್ರದಲ್ಲೇ ಉತ್ತರಿಸುತ್ತೇವೆ.'

'ಇವತ್ತು ಅಂಗಡಿ ತೆಗೆದೆ. ಕೈ ನಡುಗುತ್ತೆ. ಮುಚ್ಚಿಬಿಟ್ಟೆ.'

'ನಿಮ್ಮ ಸಂದೇಶಕ್ಕೆ ಧನ್ಯವಾದ. ಶೀಘ್ರದಲ್ಲೇ ಉತ್ತರಿಸುತ್ತೇವೆ.'

'ಅವಳ ಚಪ್ಪಲಿ ಬಾಗಿಲಲ್ಲೇ ಇದೆ. ತೆಗೆದಿಡಲಾ, ಬಿಡಲಾ ಗೊತ್ತಾಗ್ತಿಲ್ಲ.'

'ನಿಮ್ಮ ಸಂದೇಶಕ್ಕೆ ಧನ್ಯವಾದ...'

"ಸಾಕು," ಅಂದೆ.

"ಮಷೀನು ಅಂತ ಅವರಿಗೂ ಗೊತ್ತಿತ್ತು ಅಕ್ಕಾ. ಆದ್ರೂ ದಿನಾ ಬರೀತಿದ್ರು. ನಾನು ಚಪ್ಪಲಿ ಮೆಸೇಜಿಗೆ ಕೈಯಾರೆ ಬರೆದೆ. 'ಅಲ್ಲೇ ಇರಲಿ ಅಣ್ಣ' ಅಂತ. ಅವತ್ತಿಂದ ನಾವಿಬ್ರೂ... ಮಾತಾಡ್ತಿದ್ವಿ. ಈ ಊರಲ್ಲಿ ನಾನು ಮಾತಾಡಿದ್ದು ಅವರ ಹತ್ರ ಮಾತ್ರ. ಅದೂ ಕಂಪನಿ ಹೆಸರಲ್ಲಿ."

"ಸೆನ್ಸರ್ ವಿಷಯ ಹೇಗೆ ಗೊತ್ತಾಯ್ತು?"

"ಮೀಟಿಂಗಲ್ಲಿ ನಾನೂ ಇದ್ದೆ. ಪ್ರೊಜೆಕ್ಟರ್ ಹಿಡ್ಕೊಂಡು. ಗಾಳಿ ಕಮ್ಮಿ ಆದ್ರೆ ಗೀಸರ್ ತಾನಾಗೇ ಆಫ್ ಆಗ್ಬೇಕಂತೆ. ಆಗ್ತಿಲ್ಲ, ವಿಷದ ಗಾಳಿ ತುಂಬ್ಕೊಳುತ್ತೆ, ವಾಪಸ್ ತಗೋಳೋಣ ಅಂತ ಇಂಜಿನಿಯರ್ ಹೇಳಿದ್ರು. ಎಂ.ಡಿ. ಏನಂದ್ರು ಗೊತ್ತಾ? 'ಚಳಿಗಾಲದ ಸೀಸನ್ ಮುಗೀಲಿ' ಅಂದ್ರು. ಆಮೇಲೆ ನನ್ನ ಕಡೆ ತಿರುಗಿ... 'ಸಂತಾಪದ ಪೋಸ್ಟ್ ಇನ್ನೊಂದು ರೆಡಿ ಇಟ್ಕೊಳಮ್ಮಾ. ಹೆಸರಿನ ಜಾಗ ಖಾಲಿ ಬಿಡು' ಅಂದ್ರು."

ನಾನು ಬಹಳ ಕೆಟ್ಟ ಮಾತು ಕೇಳಿದವಳು. ಆದರೂ ಇಂಥದ್ದು ಕೇಳಿರಲಿಲ್ಲ.

ಕೆಲಸ ಕೆಲಸವೇ. ಜೇಬಿನಿಂದ ಫೋನ್ ತೆಗೆದೆ. "ಒಂದು ವಿಡಿಯೋ ಮಾಡು. ಸುಳ್ಳು ಅಂತ ಹೇಳು. ಮನೆಗೆ ಹೋಗು. ಮುಗೀತು."

"ಹೇಳದೇ ಇದ್ರೆ?"

"ಬೇರೆಯವರನ್ನ ಕಳಿಸ್ತಾರೆ. ಅವರು ಬಾಗಿಲು ತಟ್ಟಲ್ಲ."

ಅವಳು ಕನ್ನಡಕ ಒರೆಸಿಕೊಂಡಳು. "ನಿಮ್ಮ ಮನೇಲಿ ಯಾವ ಗೀಸರ್ ಅಕ್ಕಾ?"

ಬಾಯಿ ತೆರೆದೆ. ಮುಚ್ಚಿದೆ. ಬಿಳೀದು. ಮಧ್ಯದಲ್ಲಿ ನೀಲಿ ಪಟ್ಟಿ...

"ಅದೇ!" ಅಂದಳು ನನ್ನ ಮುಖ ನೋಡಿಯೇ. "ಬಾತ್‌ರೂಮಿನ ಕಿಟಕಿ?"

"ಚಳಿ ಅಂತ ಮುಚ್ಚಿದೀನಿ."

"ನೀವು ಹೊರಗೆ ಬರದೇ ಇದ್ರೆ ಬಾಗಿಲು ತಟ್ಟೋರು ಯಾರಿದಾರೆ?"

ಯೋಚಿಸಿದೆ. ನಿಜವಾಗಿಯೂ ಯೋಚಿಸಿದೆ. ಕೆಲಸದವಳು ದಿನ ಬಿಟ್ಟು ದಿನ ಬರ್ತಾಳೆ. ಬೆಲ್ ಮಾಡ್ತಾಳೆ. ತೆಗೆಯದಿದ್ದರೆ 'ಮೇಡಂ ಹೊರಗೆ ಹೋಗಿರ್ಬೇಕು' ಅಂತ ಹೋಗ್ತಾಳೆ. ಫೋನ್? ಕ್ಲೈಂಟುಗಳು ಎರಡು ಸಲ ಮಾಡ್ತಾರೆ. ಮೂರನೇ ಸಲ ಬೇರೆಯವರಿಗೆ ಮಾಡ್ತಾರೆ.

ಫೋನನ್ನು ವಾಪಸ್ ಜೇಬಿಗೆ ಹಾಕಿದೆ.

ಅಷ್ಟರಲ್ಲಿ ಕೆಳಗೆ ಕಾರಿನ ಬಾಗಿಲು ಧಡ್ ಅಂತು. ಇಣುಕಿದೆ. ಬೂದು ಕಾರು! ಬಿಳಿ ಶೂ ಹಾಕಿದ ದಾಂಡಿಗನೊಬ್ಬ. ಬಾಯಲ್ಲಿ ಹಲ್ಲುಕಡ್ಡಿ ಕಚ್ಚಿದ ಇನ್ನೊಬ್ಬ. ಎಂ.ಡಿ.ಗೆ ನನ್ನ ಮೇಲೆ ಅಷ್ಟೊಂದು ನಂಬಿಕೆ!

"ಮೇಲೆ ಓಡು!"

ಹೀಗೆ ಟ್ಯಾಂಕಿನ ಹಿಂದೆ ಬಂದು ಕೂತಿದ್ದೆವು.

ಕಿರ್... ಕಿರ್...

ಶೂ ಟೆರೇಸಿಗೆ ಹತ್ತಿತು.

"ನೀವು ಯಾರ ಕಡೆ ಅಂದೆ?" ಅಂದಳು ಪಿಸುಮಾತಿನಲ್ಲಿ.

"ಓಡೋರ ಕಡೆ! ಹಾರೋಕೆ ಬರುತ್ತಾ?"

"ಇಲ್ಲ!"

"ಇವತ್ತು ಬರುತ್ತೆ!"

ಲಾಂಡ್ರಿಯ ಟೆರೇಸು ಪಕ್ಕದಲ್ಲೇ. ನಡುವೆ ಒಂದು ಕಿರಿದಾದ ಸಂದಿ. ಕೆಳಗೆ ಇಣುಕಿದರೆ ತಲೆ ತಿರುಗುವಷ್ಟು ಆಳ. ಅವಳ ಕೈ ಹಿಡಿದು ಓಡಿದೆ. ಮೋಟುಗೋಡೆ ಹತ್ತಿದ್ದೇ...

"ಹಾರು!"

ಹಾರಿದಳು. ಕಿರುಚುತ್ತಾ ಹಾರಿದಳು! ನಾನೂ ಹಾರಿದೆ. ಕಾಲು ಹೊರಳಿತು. ಕಣ್ಣಿಗೆ ಕತ್ತಲು ಕವಿಯಿತು.

"ಏಯ್! ನಿಲ್ಲೇ!"

ಬಿಳಿ ಶೂ ಹಿಂದೆಯೇ ಹಾರಿದ. ನಾವು ಬೆಡ್‌ಶೀಟುಗಳ ನಡುವೆ ನುಗ್ಗಿದೆವು. ಎತ್ತ ನೋಡಿದರೂ ಬಿಳಿ ಗೋಡೆ. ಎಲ್ಲಾ ಒದ್ದೆ. ಅವನ ನೆರಳು ಒಂದರ ಮೇಲೆ ಬಿತ್ತು. ಹತ್ತಿರ... ಇನ್ನೂ ಹತ್ತಿರ... ಅವನು ಕೈ ಚಾಚಿ ಅವಳ ಫೋನ್ ಕಸಿದುಕೊಂಡ. ಸಂದಿಗೆ ಎಸೆದ. ಕೆಳಗೆಲ್ಲೋ ಚೂರಾದ ಸದ್ದು.

ನಾನು ಬೆಡ್‌ಶೀಟ್ ಎಳೆದು ಅವನ ತಲೆಗೆ ಸುತ್ತಿ ಗಂಟು ಬಿಗಿದೆ. ಒದ್ದೆ ಬಟ್ಟೆ ಮೂಗಿಗೆ ಅಂಟಿದರೆ ಎಂಥ ದಾಂಡಿಗನೂ ಮೀನಿನ ಹಾಗೆ ಒದ್ದಾಡ್ತಾನೆ. ಮೊಣಕಾಲಿಗೆ ಒಂದು ಒದೆ ಕೊಟ್ಟೆ. ಬಿದ್ದ!

ಮೆಟ್ಟಿಲಿಳಿದು, ಇಸ್ತ್ರಿ ಹಬೆಯ ನಡುವೆ ನುಗ್ಗಿ, ಮುಂಬಾಗಿಲಿನಿಂದ ಆಚೆ ಬಂದೆವು. ನನ್ನ ಕಾರು ಬೂದು ಕಾರಿನ ಪಕ್ಕದಲ್ಲೇ ಇತ್ತು, ಬಿಟ್ಟೆ. ಬಸ್ಸು ಹೊರಡುತ್ತಿತ್ತು. ಹತ್ತಿಬಿಟ್ಟೆವು.

ಸೀಟಿನಲ್ಲಿ ಕೂತ ಮೇಲೆ ನನ್ನ ಫೋನ್ ಗುಂಯ್‌ಗುಟ್ಟಿತು. ಎಂ.ಡಿ.

"ಸಿಕ್ಕಳಾ?"

ಪಕ್ಕದಲ್ಲಿ ಹುಡುಗಿ ನನ್ನ ತೋಳು ಬಿಗಿಯಾಗಿ ಹಿಡಿದು ಕೂತಿದ್ದಳು.

"ಇಲ್ಲ," ಅಂದೆ.

ಕ್ಲೈಂಟಿಗೆ ನಾನು ಹೇಳಿದ ಮೊದಲ ಸುಳ್ಳು. ಬೇರೆಯವರಿಗೆ ಎಷ್ಟು ಹೇಳಿದ್ದೆನೋ ಲೆಕ್ಕ ಇಲ್ಲ.

"ಎಲ್ಲಿಗೆ ಹೋಗೋಣ?" ಕೇಳಿದೆ. "ನಿನಗೆ ಗೊತ್ತಿರೋರು?"

"ಒಬ್ರು ಇದಾರೆ," ಅಂದಳು. "ಮುಖ ನೋಡಿಲ್ಲ ಅಷ್ಟೇ."

ಕಟಿಂಗ್ ಶಾಪಿನ ಶಟರ್ ಅರ್ಧ ಇಳಿದಿತ್ತು. ಒಳಗೆ ಒಂದು ಕುರ್ಚಿ. ಒಂದು ಕನ್ನಡಿ. ಗಿರಾಕಿ ಇಲ್ಲ. ಐವತ್ತರ ಆಸುಪಾಸಿನ ಸಣಕಲು ಮನುಷ್ಯ ಖಾಲಿ ಕುರ್ಚಿಗೆ ಬಟ್ಟೆ ಹೊದಿಸಿ, ಮಡಚಿ, ಮತ್ತೆ ಹೊದಿಸುತ್ತಿದ್ದ.

"ಲೇಡೀಸ್‌ಗೆ ಮಾಡಲ್ಲಮ್ಮ," ಅಂದ.

"ಅಣ್ಣಾ..." ಹುಡುಗಿ ಬಾಗಿಲಲ್ಲೇ ನಿಂತಳು. "ಚಪ್ಪಲಿ ಅಲ್ಲೇ ಇದೆಯಾ?"

ಅವನ ಕೈಯಿಂದ ಬಟ್ಟೆ ಜಾರಿತು.

"ನೀನಾ?... ಪೇಜು?"

"ಹೂಂ ಅಣ್ಣ."

"ಯಾರೋ ಗಂಡಸು, ವಯಸ್ಸಾದವರು ಅಂದ್ಕೊಂಡಿದ್ದೆ." ಅವನು ಅವಳನ್ನು ಮೇಲಿಂದ ಕೆಳಗೆ ನೋಡಿದ. "ಇಷ್ಟು ಚಿಕ್ಕವಳಾ? ಊಟ ಮಾಡಿದೀಯಾ?"

ಅಷ್ಟೇ ಕೇಳಿದ್ದು. ಹುಡುಗಿ ಗೋಡೆಗೆ ಮುಖ ಮಾಡಿ ಬಿಕ್ಕಿಬಿಕ್ಕಿ ಅತ್ತಳು. ಅವನಿಗೆ ಏನು ಮಾಡಬೇಕೋ ಗೊತ್ತಾಗಲಿಲ್ಲ. ಬನ್ನು ತಂದುಕೊಟ್ಟ. ಶಟರ್ ಪೂರ್ತಿ ಇಳಿಸಿದ.

ನಡೆದದ್ದನ್ನು ನಾನು ಹೇಳಿದೆ. ಸೀಸನ್ ಮುಗೀಲಿ ಅಂದದ್ದನ್ನೂ ಹೇಳಿದೆ. ಅವನು ಅಲುಗಾಡದೆ ಕೇಳಿದ. ಆಮೇಲೆ ಮೆಲ್ಲಗೆ ಕ್ಷೌರದ ಕತ್ತಿ ಎತ್ತಿಕೊಂಡ.

"ಎಂ.ಡಿ. ಎಲ್ಲಿ ಕೂರ್ತಾನೆ?"

"ಕೆಳಗಿಡಿ," ಅಂದೆ.

"ಬೆಂಕಿ ಹಚ್ತೀನಿ!"

"ಬೇಡ ಅಣ್ಣ!" ಹುಡುಗಿ ಕಣ್ಣೊರೆಸಿಕೊಂಡು ತಿರುಗಿದಳು. "ಬೆಂಕಿ ಹಚ್ಚಿದ್ರೆ ನಾಳೆ ಬೆಂಕಿ ಸುದ್ದಿ ಆಗುತ್ತೆ. ನಿಮ್ಮ ತಂಗಿ ಸತ್ತಿದ್ದು ಮರೆತೇ ಹೋಗುತ್ತೆ. ಫೋನ್ ಕೊಡಿ."

ಅವಳು ಅವನ ಅಕೌಂಟ್ ತೆಗೆದಳು. ಕಂಪನಿಯ ಪ್ರತಿ ಪೋಸ್ಟಿನ ಕೆಳಗೂ ಅವನ ಕಾಮೆಂಟು. ಆ ಕಾಮೆಂಟುಗಳ ಕೆಳಗೆ...

"ಇದನ್ನ ನೋಡಿದೀರಾ? 'ನಮ್ಮ ಮನೇಲೂ ತಲೆ ಸುತ್ತು ಬಂತು.' 'ನನ್ನ ಮಗನಿಗೂ ವಾಂತಿ.' ಎಷ್ಟು ಜನ ಇದಾರೆ!"

"ನಾನು ನೋಡ್ಲಿಲ್ಲ," ಅಂದ. "ನಿನ್ನ ಉತ್ತರ ಬಂತಾ ಅಂತ ಮಾತ್ರ ನೋಡ್ತಿದ್ದೆ."

ನಾನು ಗೋಡೆ ಕಡೆ ತಿರುಗಿದೆ. ಕಣ್ಣಿಗೆ ಏನೋ ಬಿದ್ದಿತ್ತು, ಅಂದುಕೊಳ್ಳಿ.

"ಬೈಗುಳ ಬೇಡ. ಘೋಷಣೆ ಬೇಡ," ಅಂದಳು. ಈಗ ಅವಳ ಧ್ವನಿ ಬೇರೆಯೇ. "ಆ ಗೀಸರ್ ಬಿಚ್ಚಿ, ಕಂಪನಿ ಗೇಟಿನ ಮುಂದೆ ಇಡೋಣ. ಒಂದೇ ಫೋಟೋ. ಎರಡು ಮಾತು. ಇವರಿಗೆಲ್ಲ ಒಬ್ಬೊಬ್ಬರಿಗೂ ನಾನು ಬರೀತೀನಿ. ಎಲ್ಲರಿಗೂ ಒಂದೇ ಉತ್ತರ ಕಳಿಸಲ್ಲ."

"ಕಾಲೇಜಲ್ಲಿ ಇದನ್ನೂ ಹೇಳಿಕೊಡ್ತಾರಾ?" ಕೇಳಿದೆ.

"ಇಲ್ಲ. ಇದು ಇನ್‌ಬಾಕ್ಸಲ್ಲಿ ಕಲಿತಿದ್ದು."

ಅವನ ಮನೆ ಅಂಗಡಿಯ ಹಿಂದೆಯೇ. ಬಾಗಿಲಲ್ಲಿ ಒಂದು ಜೊತೆ ಹೆಂಗಸರ ಚಪ್ಪಲಿ. ಧೂಳು ಒರೆಸಿ ಇಟ್ಟಿದ್ದ. ಬಾತ್‌ರೂಮಿನ ಮುರಿದ ಬಾಗಿಲಿಗೆ ಹಲಗೆ ಹೊಡೆದಿತ್ತು.

"ಅವತ್ತಿಂದ ಒಳಗೆ ಹೋಗಿಲ್ಲ," ಅಂದ. "ಅಂಗಡಿ ನಲ್ಲೀಲೇ ಸ್ನಾನ."

"ನೀವು ಇಲ್ಲೇ ಇರಿ. ಸ್ಪ್ಯಾನರ್ ಕೊಡಿ."

ಹಲಗೆ ಕಿತ್ತೆ. ಮೊದಲು ಸಿಲಿಂಡರ್ ಬಂದ್ ಮಾಡಿದೆ. ಒಳಗೆ ಸೋಪು ಒಣಗಿ ಬಿರುಕು ಬಿಟ್ಟಿತ್ತು. ಗೋಡೆಯ ಮೇಲೆ ಬಿಳಿ ಗೀಸರು, ನೀಲಿ ಪಟ್ಟಿ. ನಮ್ಮ ಮನೆಯಲ್ಲಿ ದಿನಾ ನೋಡುವ ಅದೇ ಮುಖ. ನಟ್ಟು ಒಂದೊಂದಾಗಿ ಬಿಚ್ಚಿದೆ. ಮುಗಿಯುವಷ್ಟರಲ್ಲಿ ಎರಡು ಸಲ ಆಚೆ ಹೋಗಿ ಗಾಳಿ ಕುಡಿದು ಬಂದೆ, ಸುಳ್ಳು ಯಾಕೆ ಹೇಳಲಿ!

ಆಚೆ ಬಂದು ನಮ್ಮ ಬಿಲ್ಡಿಂಗಿನ ಪ್ಲಂಬರಿಗೆ ಫೋನ್ ಹಾಕಿದೆ. "ವಾಚ್‌ಮನ್ ಹತ್ರ ಕೀ ಇದೆ. ನನ್ನ ಗೀಸರ್ ಬಿಚ್ಚಿ ಕಂಪನಿ ಆಫೀಸಿನ ಗೇಟಿಗೆ ತಂದುಕೊಡಪ್ಪ."

"ರಿಪೇರಿನಾ ಮೇಡಂ?"

"ಹೂಂ. ದೊಡ್ಡ ರಿಪೇರಿ."

ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಗೇಟಿನ ಮುಂದಿದ್ದೆವು. ಸಲೂನ್ ಅಣ್ಣ ಗೀಸರನ್ನು ಮಗುವಿನ ಹಾಗೆ ಎದೆಗೆ ಅವಚಿಕೊಂಡು ತಂದಿದ್ದ. ಮೆಲ್ಲಗೆ ನೆಲದ ಮೇಲೆ ಇಟ್ಟ.

ಸೆಕ್ಯೂರಿಟಿಯವನು ಬಂದ. "ಸರ್ವೀಸ್ ಸೆಂಟರ್ ಇಲ್ಲಲ್ಲ ಸಾರ್, ಹಿಂದಿನ ರೋಡು."

"ಗೊತ್ತು," ಅಂದ ಅಣ್ಣ.

ಹುಡುಗಿ ಅಣ್ಣನ ಫೋನಿನಲ್ಲಿ ಒಂದೇ ಫೋಟೋ ತೆಗೆದಳು. ಕೆಳಗೆ ಬರೆದಳು... 'ಇದು ನನ್ನ ತಂಗಿ ಕೊನೇ ಸಲ ಹಚ್ಚಿದ ಗೀಸರ್. ಕಂಪನಿಗೆ ವಾಪಸ್ ಕೊಡ್ತಿದೀನಿ. ನಿಮ್ಮ ಮನೇದನ್ನೂ ತನ್ನಿ.'

ಆಮೇಲೆ ಫುಟ್‌ಪಾತಿನ ಮೇಲೆ ಕೂತು ಟೈಪ್ ಮಾಡತೊಡಗಿದಳು. ಒಬ್ಬರಿಗೆ. ಇನ್ನೊಬ್ಬರಿಗೆ. ಮತ್ತೊಬ್ಬರಿಗೆ...

ಕಾದೆವು.

ಯಾರೂ ಬರಲಿಲ್ಲ.

ಆಫೀಸು ಬಿಟ್ಟ ಜನ ಪಕ್ಕದಲ್ಲೇ ಹೋದರು. ಒಬ್ಬ ಗೀಸರ್ ದಾಟಿಕೊಂಡು ಹೋದ. ಮಾರೋಕೆ ಇಟ್ಟಿದೀರಾ ಅಂತ ಇನ್ನೊಬ್ಬ ಕೇಳಿದ. ಚಳಿ ಏರಿತು. ಅಷ್ಟು ಅಗಲದ ರಸ್ತೆ, ಅಷ್ಟೊಂದು ಜನ... ಮಧ್ಯೆ ನಾವು ಮೂವರು, ಒಂದು ಹಳೇ ಗೀಸರು. ನಾನು ಬೇಕಾದಷ್ಟು ಕೆಟ್ಟ ಜಾಗಗಳಲ್ಲಿ ಒಬ್ಬಳೇ ನಿಂತಿದೀನಿ. ಆ ಫುಟ್‌ಪಾತಿನಷ್ಟು ಒಂಟಿ ಜಾಗ ಇನ್ನೊಂದಿಲ್ಲ.

"ಉತ್ತರ ಬಂತಾ?" ಕೇಳಿದೆ.

"ಓದಿದಾರೆ," ಅಂದಳು. "ಓದಿದಾರೆ ಅಷ್ಟೇ."

ಕಿರ್... ಕಿರ್...

ತಿರುಗಿದೆ. ಬಿಳಿ ಶೂ! ಈಗ ಅಷ್ಟು ಬಿಳಿ ಇರಲಿಲ್ಲ. ಹಣೆ ಊದಿತ್ತು. ಪಕ್ಕದಲ್ಲಿ ಹಲ್ಲುಕಡ್ಡಿ. ಹಿಂದೆ ಬೂದು ಕಾರು, ಬಾಗಿಲು ತೆಗೆದಿಟ್ಟು.

"ಸುಮ್ನೆ ಕಾರು ಹತ್ತು," ಅಂದ ಬಿಳಿ ಶೂ ಹುಡುಗಿಗೆ.

"ಹತ್ತಲ್ಲ."

ರಟ್ಟೆ ಹಿಡಿದು ಎಳೆದ. ಸಲೂನ್ ಅಣ್ಣ ಅಡ್ಡ ಬಂದ. ಹಲ್ಲುಕಡ್ಡಿ ಅವನನ್ನು ಎತ್ತಿ ಗೇಟಿಗೆ ಅಪ್ಪಳಿಸಿದ. ನಾನು ನುಗ್ಗಿದೆ. ಹೊರಳಿದ ಕಾಲು ಕೈಕೊಟ್ಟಿತು. ಹಲ್ಲುಕಡ್ಡಿಯ ಮುಷ್ಟಿ ದವಡೆಗೆ ಬಿತ್ತು. ಬಾಯಿ ತುಂಬ ರಕ್ತದ ರುಚಿ.

"ಕತ್ತರಿ ಮೇಡಂ, ನಿಮಗೇನಾಗಿದೆ?" ಹಲ್ಲುಕಡ್ಡಿ ನಿಜವಾಗಿಯೂ ಬೇಜಾರಿನಿಂದ ಕೇಳಿದ. "ನಮ್ಮ ಕಡೆಯವರಲ್ವಾ ನೀವು?"

ಉಗಿದೆ. "ರಜೆ ಹಾಕಿದೀನಿ!"

ಹುಡುಗಿಯ ಅರ್ಧ ಮೈ ಕಾರಿನೊಳಗಿತ್ತು. ಎರಡೂ ಕೈಯಲ್ಲಿ ಬಾಗಿಲು ಹಿಡಿದಿದ್ದಳು. ಬಿಳಿ ಶೂ ಬೆರಳು ಒಂದೊಂದಾಗಿ ಬಿಡಿಸುತ್ತಿದ್ದ. ನಾನು ತೆವಳಿಕೊಂಡು ಹೋಗಿ ಅವನ ಕಾಲಿಗೆ ಜೋತುಬಿದ್ದೆ...

"ರೀ! ಇಲ್ಲೇನಾ ಇಡೋದು?"

ಸ್ಕೂಟರು. ಅದರ ಮೇಲೆ ನರ್ಸ್ ಯೂನಿಫಾರ್ಮಿನ ಹೆಂಗಸು. ಹಿಂದಿನ ಸೀಟಿಗೆ ಹಗ್ಗದಿಂದ ಕಟ್ಟಿದ ಬಿಳಿ ಗೀಸರು!

ಯಾರೂ ಅಲುಗಾಡಲಿಲ್ಲ.

"ಆ ಹುಡುಗೀನ ಯಾಕ್ರೀ ಎಳೀತಿದೀರ?" ನರ್ಸ್ ಸ್ಕೂಟರ್ ಸ್ಟ್ಯಾಂಡ್ ಹಾಕಿದಳು. "ಬಿಡ್ರೀ! ಬಿಡ್ರೀ ಅಂದ್ನಲ್ಲಾ!"

ಹಿಂದೆ ಒಂದು ಕಾರು ನಿಂತಿತು. ವಯಸ್ಸಾದ ಗಂಡಹೆಂಡತಿ ಇಳಿದರು. ಡಿಕ್ಕಿಯಲ್ಲಿ ಗೀಸರು. ಅದರ ಹಿಂದೆ ಬೈಕಿನಲ್ಲಿ ಇಬ್ಬರು, ನಡುವೆ ಗೀಸರು. ಆಮೇಲೆ ನಡೆದುಕೊಂಡೇ ಬಂದ ಒಬ್ಬ, ಹೆಗಲ ಮೇಲೆ ಗೀಸರು. ನಮ್ಮ ಪ್ಲಂಬರೂ ಬಂದ. "ಮೇಡಂ, ಇಷ್ಟೊಂದು ರಿಪೇರಿನಾ?" ಅಂತ ಬಾಯಿ ಬಿಟ್ಟ.

ಎಲ್ಲರ ಕೈಯಲ್ಲೂ ಫೋನು. ಎಲ್ಲಾ ಫೋನೂ ಬಿಳಿ ಶೂ ಕಡೆ.

ಅವನು ಹುಡುಗಿಯ ಕೈ ಬಿಟ್ಟ. ಕೆಂಡ ಮುಟ್ಟಿದವನ ಹಾಗೆ ಬಿಟ್ಟ! ಇಬ್ಬರೂ ಬಾಲ ಮುದುರಿಕೊಂಡು ಕಾರು ಹತ್ತಿದರು. ಕಾರು ಮುಂದೆ ಹೋಗಲು ಜಾಗ ಇರಲಿಲ್ಲ. ಗೀಸರುಗಳು ಸಾಲಾಗಿ ನಿಂತಿದ್ದವು. ರಿವರ್ಸ್‌ನಲ್ಲೇ ಹೋದರು.

ಆಮೇಲೂ ಜನ ಬರುತ್ತಲೇ ಇದ್ದರು. ಗೇಟು ಕಾಣದಾಯಿತು. ಕ್ಯಾಮೆರಾದವರು ಬಂದರು. ಆಗ ಒಳಗಿನಿಂದ ಒಬ್ಬ ಬಂದ. ಕುತ್ತಿಗೆಯಲ್ಲಿ ಕಂಪನಿ ಐ.ಡಿ., ಕೈಯಲ್ಲಿ ಟಿಫಿನ್ ಬ್ಯಾಗು. ಮೀಟಿಂಗಿನಲ್ಲಿದ್ದ ಇಂಜಿನಿಯರ್ ಅಂತ ಹುಡುಗಿ ಪಿಸುಗುಟ್ಟಿದಳು. ಸಾಲಿನ ಮೊದಲ ಗೀಸರಿನ ಮುಂದೆ ನಿಂತ. ಸಲೂನ್ ಅಣ್ಣನ ಮುಖ ನೋಡಲಿಲ್ಲ. ನೆಲ ನೋಡಿದ.

"ಸೆನ್ಸರ್ ಕೆಲಸ ಮಾಡಲ್ಲ," ಅಂದ ಕ್ಯಾಮೆರಾಗೆ. "ಟೆಸ್ಟ್ ಮಾಡಿದ್ದು ನಾನೇ. ಮೇಲಿನವರಿಗೆ ಹೇಳಿದ್ದೂ ನಾನೇ. ಅದಕ್ಕಿಂತ ಹೆಚ್ಚು ಮಾಡ್ಲಿಲ್ಲ... ಅಷ್ಟೇ."

ನನ್ನ ಫೋನ್ ಬಡಿದುಕೊಂಡಿತು. ಎಂ.ಡಿ.

"ಹುಡುಗಿ ಎಲ್ಲಿ?!"

"ಸಿಕ್ಕಿದಾಳೆ ಸಾರ್. ಕಿಟಕಿಯಿಂದ ಇಣುಕಿ ನೋಡಿ. ಕೈ ಬೀಸೋಕೆ ಹೇಳ್ಲಾ?"

ಮುಂದಿನದು ಪೇಪರಿನಲ್ಲಿ ಓದಿರ್ತೀರಿ. ಗೀಸರುಗಳೆಲ್ಲ ವಾಪಸ್ ಹೋದವು. ಎಂ.ಡಿ. ಕೋರ್ಟು ಹತ್ತಿ ಇಳೀತಿದಾನೆ. ಕಂಪನಿ ಆ ಪೇಜನ್ನು ಮುಚ್ಚಿಬಿಟ್ಟಿತು. ಜೊತೆಗೆ ಇನ್‌ಬಾಕ್ಸೂ ಹೋಯಿತು.

ಒಂದು ದಿನ ಸಲೂನ್ ಅಣ್ಣನ ಅಂಗಡಿಗೆ ಹೋಗಿದ್ದೆ. "ನಾನು ಬರೆದಿದ್ದೆಲ್ಲ ಎಲ್ಲಿ ಹೋಯ್ತು ಮೇಡಂ?" ಅಂತ ಕೇಳಿದ.

"ಹುಡುಗಿ ನಂಬರ್ ಕೊಟ್ಟಿದಾಳಲ್ಲ, ಬರೀಬಹುದಲ್ವಾ?" ಅಂದೆ.

ಕತ್ತಿ ಮಸೆಯುತ್ತಾ ತಲೆ ಅಲ್ಲಾಡಿಸಿದ. "ಪೇಜಿಗಾದ್ರೆ ಏನು ಬೇಕಾದ್ರೂ ಬರೀಬಹುದು ಮೇಡಂ. ಅಷ್ಟು ಚಿಕ್ಕ ಹುಡುಗಿಗೆ ಏನು ಅಂತ ಬರೀಲಿ?"

ನನಗೂ ಈಗ ಕ್ಲೈಂಟುಗಳು ಫೋನ್ ಮಾಡಲ್ಲ. ಮಾಡೋದು ಆ ಹುಡುಗಿ ಮಾತ್ರ. ಏಜೆನ್ಸಿ ಅವಳಿಗೆ ಸರ್ಟಿಫಿಕೇಟ್ ಕೊಡಲಿಲ್ಲ. ಬೇರೆ ಕಡೆ ಮತ್ತೆ ಇಂಟರ್ನ್ ಆಗಬೇಕಾಯಿತು. ಅದೇ ಏಜೆನ್ಸಿ ಮೇಡಂ ಅವಳ ಕಾಲೇಜಿಗೆ ಬಂದು, ಗೀಸರ್ ಪ್ರಕರಣದ ಬಗ್ಗೆ ಗಂಟೆಗಟ್ಟಲೆ ಲೆಕ್ಚರ್ ಕೊಟ್ಟು ಹೋದಳಂತೆ. ಹಿಂದಿನ ಬೆಂಚಿನಲ್ಲಿ ಕೂತು ಇವಳು ಕೇಳಿಸಿಕೊಂಡಳಂತೆ. ಪಕ್ಕದಲ್ಲಿ ಯಾರೂ ಇರಲಿಲ್ಲವಂತೆ.

ಮೊನ್ನೆ ಫೋನ್ ಮಾಡಿದಳು. ರಿಸಲ್ಟ್ ಬಂದಿತ್ತು.

"ಪಾಸಾ?"

"ಹೂಂ. ಅಂಚಲ್ಲಿ ಪಾಸ್."

"ಅಪ್ಪ ಅಮ್ಮಂಗೆ ಹೇಳಿದ್ಯಾ?"

"ನಿಮಗೇ ಮೊದಲು ಹೇಳ್ಬೇಕು ಅನ್ನಿಸ್ತು ಅಕ್ಕಾ."

ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದೆ. "ಅಂಚಲ್ಲಿ ಯಾಕೆ? ನೀನಾ?!"

ಒಂದು ಪ್ರಶ್ನೆ ಬಂದಿತ್ತಂತೆ. ಸಂಸ್ಥೆಯೊಂದು ಜನರ ನಂಬಿಕೆ ಕಳೆದುಕೊಂಡಾಗ ಸೋಷಿಯಲ್ ಮೀಡಿಯಾವನ್ನು ಹೇಗೆ ಬಳಸಬೇಕು, ಉದಾಹರಣೆಯೊಂದಿಗೆ ಬರೆಯಿರಿ ಅಂತ. ಇವಳು ಯಾರ ಹೆಸರೂ ಹಾಕದೆ, ನಡೆದದ್ದನ್ನು ನಡೆದ ಹಾಗೇ ಬರೆದಳಂತೆ. ಟ್ಯಾಂಕು, ಟೆರೇಸು, ಕಟಿಂಗ್ ಶಾಪು... ಎಲ್ಲಾ.

ಉತ್ತರಪತ್ರಿಕೆ ತಿದ್ದಿದ ಮೇಷ್ಟ್ರು ಅರ್ಧಕ್ಕರ್ಧ ಅಂಕ ಕಳೆದು, ಕೆಂಪು ಇಂಕಿನಲ್ಲಿ ಪಕ್ಕಕ್ಕೆ ಬರೆದಿದ್ದರಂತೆ...

'ಕಲ್ಪನೆ ಚೆನ್ನಾಗಿದೆ. ಆದರೆ ನಿಜ ಜೀವನದಲ್ಲಿ ಹೀಗೆಲ್ಲ ನಡೆಯುವುದಿಲ್ಲ!'